ಬೊಗೋರಿಯಾ ಸರೋವರವೂ ‘ಜನತೆ’ ಎಂಬ ಪದವೂ

ಕೀನ್ಯಾದ ರಿಫ್ಟ್ ಕಣಿವೆಯಲ್ಲಿ, ಭೂಮಧ್ಯರೇಖೆಯಿಂದ ತುಸು ಉತ್ತರಕ್ಕೆ, ಬೊಗೋರಿಯಾ ಎಂಬ ಉಪ್ಪುನೀರಿನ ಸರೋವರವಿದೆ. ದಡದ ಮೇಲೆ ಕುದಿಯುವ ನೀರಿನ ಬುಗ್ಗೆಗಳು, ಅಂಚಿನ ನೀರಿನಲ್ಲಿ ಸಾವಿರಾರು ಫ್ಲೆಮಿಂಗೋ ಹಕ್ಕಿಗಳು. ಪ್ರವಾಸಿ ಕೈಪಿಡಿಗಳು ಹೇಳುವುದು ಇಷ್ಟನ್ನೇ. ಆದರೆ ಈ ಸರೋವರದ ಸುತ್ತ ಶತಮಾನಗಳಿಂದ ದನ, ಕುರಿ, ಮೇಕೆ ಮೇಯಿಸಿಕೊಂಡು ಬದುಕಿದ್ದ ಎಂಡೊರೊಯಿಸ್ ಎಂಬ ಜನರ ಕಣ್ಣಲ್ಲಿ ಅದು ಹಕ್ಕಿಗಳ ಕೆರೆಯಷ್ಟೇ ಆಗಿರಲಿಲ್ಲ. ತಮ್ಮವರು ಎಲ್ಲಿಯೇ ಮಣ್ಣಾಗಲಿ, ಅವರ ಆತ್ಮ ಕೊನೆಗೆ ಬಂದು ನೆಲೆಸುವುದು ಈ ಸರೋವರದಲ್ಲೇ ಎಂಬುದು ಅವರ ನಂಬಿಕೆ. ವರ್ಷಕ್ಕೊಮ್ಮೆ ದಡದಲ್ಲಿ ಹಬ್ಬ ನಡೆಯುತ್ತಿತ್ತು. ದಡದ ಉಪ್ಪುಮಣ್ಣನ್ನು ನೆಕ್ಕಿದರೆ ದನಗಳಿಗೆ ರೋಗ ತಟ್ಟದು ಎಂದು ಅವರಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಸರೋವರದ ಪಕ್ಕದ ತಗ್ಗು ನೆಲ, ಬೇಸಿಗೆಯಲ್ಲಿ ಮೊಚೊಂಗೊಯಿ ಕಾಡು: ಇದು ಅವರ ವರ್ಷದ ಸುತ್ತು. ಆ ಕಾಡೇ ತಮ್ಮ ಕುಲ ಹುಟ್ಟಿದ ಜಾಗ ಎಂದೂ ಅವರು ಹೇಳುತ್ತಾರೆ.

1973ರಲ್ಲಿ ಕೀನ್ಯಾ ಸರ್ಕಾರ ಆ ನೆಲವನ್ನು ವನ್ಯಜೀವಿ ಮೀಸಲು ಪ್ರದೇಶವೆಂದು ಘೋಷಿಸಿತು. ಆಗ ಅದಕ್ಕಿಟ್ಟ ಹೆಸರು ‘ಹ್ಯಾನಿಂಗ್ಟನ್ ಸರೋವರ ಮೀಸಲು ಪ್ರದೇಶ’. ಜೇಮ್ಸ್ ಹ್ಯಾನಿಂಗ್ಟನ್ ಎಂಬಾತ 1885ರಲ್ಲಿ ಇಲ್ಲಿ ಹಾದುಹೋಗಿ, ಅದೇ ವರ್ಷ ಉಗಾಂಡದ ಕಡೆ ಕೊಲೆಯಾದ ಆಂಗ್ಲ ಬಿಷಪ್. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಮೇಲೂ ವಸಾಹತುಕಾಲದ ಹೆಸರಿನಲ್ಲೇ ಗಡಿ ಎಳೆದು, ಸ್ವತಂತ್ರ ದೇಶದ ಸರ್ಕಾರ ತನ್ನದೇ ಪ್ರಜೆಗಳನ್ನು ಒಕ್ಕಲೆಬ್ಬಿಸಿತು. ಬೊಗೋರಿಯಾ ಎಂಬ ಹೆಸರು ಕಾಗದಕ್ಕೆ ಮರಳಿದ್ದು 1978ರಲ್ಲಿ. ಜನ ಮರಳಲಿಲ್ಲ.

ಎಬ್ಬಿಸುವಾಗ ಕೊಟ್ಟ ಮಾತುಗಳು ಹಲವು. ಬದಲಿಗೆ ಫಲವತ್ತಾದ ಜಮೀನು, ಪ್ರವಾಸದ ಆದಾಯದಲ್ಲಿ ಶೇ. 25, ಅಲ್ಲಿ ಹುಟ್ಟುವ ಕೆಲಸಗಳಲ್ಲಿ ಶೇ. 85, ಸಿಹಿನೀರಿನ ಕಟ್ಟೆಗಳು. 1973ರ ಕೊನೆಗೆ ಹೊರಬಿದ್ದ ಸುಮಾರು 400 ಕುಟುಂಬಗಳಲ್ಲಿ 170 ಕುಟುಂಬಗಳಿಗೆ, ಅದೂ 1986ರಲ್ಲಿ, ತಲಾ 3,150 ಕೀನ್ಯಾ ಶಿಲಿಂಗ್ ಸಿಕ್ಕಿತು. ಮೂಗಿಗೆ ತುಪ್ಪ ಸವರಿದರು ಎನ್ನುತ್ತೇವಲ್ಲ, ಇದು ಆ ಮಾತಿಗೂ ಸಾಲದಷ್ಟು ತೆಳ್ಳಗಿನ ತುಪ್ಪ.

ಇಂಥ ಕಥೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಎಂಡೊರೊಯಿಸರ ಕಥೆಯನ್ನು ಮಾನವ ಹಕ್ಕುಗಳ ಚರಿತ್ರೆಯ ವಿದ್ಯಾರ್ಥಿಗಳು ಮತ್ತೆ ಮತ್ತೆ ಓದುವುದಕ್ಕೆ ಕಾರಣ ಬೇರೆ. ಒಂದು ಸಣ್ಣ ಪಶುಪಾಲಕ ಸಮುದಾಯ ತನ್ನದೇ ಸರ್ಕಾರದ ಎದುರು ನಿಂತು ‘ನಾವು ಒಂದು ಜನತೆ, ಅಭಿವೃದ್ಧಿ ನಮ್ಮ ಹಕ್ಕು’ ಎಂದು ಅಂತರರಾಷ್ಟ್ರೀಯ ವೇದಿಕೆಯಲ್ಲಿ ವಾದಿಸಿ ಗೆದ್ದ ಪ್ರಕರಣ ಇದು. ಆ ವಾಕ್ಯದ ಎರಡೂ ಪದಗಳ ಹಿಂದೆ, ‘ಜನತೆ’ ಮತ್ತು ‘ಅಭಿವೃದ್ಧಿ’ಗಳ ಹಿಂದೆ, ಉದ್ದನೆಯ ಜಗಳಗಳಿವೆ. ಮೊದಲು ಅವನ್ನು ನೋಡೋಣ.

ಒಂದು ಅಕ್ಷರದ ಜಗಳ

ಕನ್ನಡದಲ್ಲಿ ‘ಜನ’ ಎಂಬುದೇ ಬಹುವಚನ. ಇಂಗ್ಲಿಷಿನಲ್ಲಿ ‘ಪೀಪಲ್’ ಎಂದರೂ ನಮಗೆ ಜನ, ‘ಪೀಪಲ್ಸ್’ ಎಂದರೂ ಜನ. ಆದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಆ ಕೊನೆಯ ಒಂದು ಅಕ್ಷರಕ್ಕಾಗಿ ದಶಕಗಳ ಕಾಲ ಕಾದಾಟ ನಡೆದಿದೆ. ಬರೀ ಜನ ಎಂದರೆ ಬಿಡಿಬಿಡಿ ವ್ಯಕ್ತಿಗಳ ಗುಂಪು. ಅವರಲ್ಲಿ ಒಬ್ಬೊಬ್ಬರಿಗೂ ಮಾತಿನ ಸ್ವಾತಂತ್ರ್ಯ, ಮತದಾನ, ಆಸ್ತಿ ಇತ್ಯಾದಿ ಹಕ್ಕುಗಳಿರಬಹುದು. ‘ಪೀಪಲ್ಸ್’ ಎಂದೊಡನೆ ಒಂದೊಂದು ಜನಸಮುದಾಯವೂ ತಾನೇ ಹಕ್ಕುದಾರನಾಗುತ್ತದೆ. ಸ್ವಯಂನಿರ್ಣಯದ ಹಕ್ಕು, ಅಂದರೆ ತನ್ನ ಬಾಳು ಹೇಗಿರಬೇಕೆಂದು ತಾನೇ ತೀರ್ಮಾನಿಸುವ ಹಕ್ಕು, ಅದರ ಬೆನ್ನಿಗೇ ಬರುತ್ತದೆ. ಸರ್ಕಾರಗಳಿಗೆ ಭಯವಿದ್ದದ್ದು ಅಲ್ಲೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1957ರಲ್ಲಿ ಮೂಲನಿವಾಸಿಗಳ ಬಗ್ಗೆ ಮಾಡಿದ ಒಪ್ಪಂದ ಅವರನ್ನು ಕರೆದದ್ದು ‘ಪಾಪ್ಯುಲೇಷನ್ಸ್’ ಎಂದು, ಅಂದರೆ ಬರೀ ಜನಸಂಖ್ಯೆ. ಭಾರತ 1958ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. 1989ರ ಹೊಸ ಒಪ್ಪಂದದಲ್ಲಿ ‘ಪೀಪಲ್ಸ್’ ಎಂಬ ಪದ ಬಂತು. ಬಂದದ್ದೇನೋ ಸರಿ, ಆದರೆ ಈ ಪದವನ್ನು ಬಳಸಿದ ಮಾತ್ರಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದಕ್ಕಿರುವ ಅರ್ಥ ಇಲ್ಲಿ ಹುಟ್ಟುವುದಿಲ್ಲ ಎಂಬ ಒಕ್ಕಣೆಯನ್ನೂ ಜೊತೆಗೇ ಸೇರಿಸಿದರು. ಆ ಒಪ್ಪಂದಕ್ಕೆ ಭಾರತ ಸೇರಲಿಲ್ಲ. ವಿಶ್ವಸಂಸ್ಥೆ 1995ರಲ್ಲಿ ಆರಂಭಿಸಿದ ಮೂಲನಿವಾಸಿಗಳ ದಶಕದ ಹೆಸರಿನಲ್ಲೂ ಆ ಅಕ್ಷರ ಇರಲಿಲ್ಲ. ಅದು ಯಾವ ಷರತ್ತೂ ಇಲ್ಲದೆ ಶೀರ್ಷಿಕೆಗೆ ಬಂದದ್ದು 2007ರ ಸೆಪ್ಟೆಂಬರ್ 13ರಂದು ಅಂಗೀಕಾರವಾದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿ. ಭಾರತ ಅದರ ಪರ ಮತ ಹಾಕಿತು. ಕೀನ್ಯಾ ತಟಸ್ಥವಾಗುಳಿಯಿತು.

ಈ ಭಯ ಹೊಸದಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ವಯಂನಿರ್ಣಯದ ಮಾತಾಡಿದಾಗ ಅದನ್ನು ಕೇಳಿಸಿಕೊಂಡವರು ಯುರೋಪಿನವರು ಮಾತ್ರವಲ್ಲ. 1919ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನಕ್ಕೆ ವಿಯೆಟ್ನಾಮಿನ ಪರ ಅಹವಾಲು ಕೊಡಲು ಹೋದ ತರುಣನೊಬ್ಬ ಮುಂದೆ ಹೋ ಚಿ ಮಿನ್ ಎಂದು ಹೆಸರಾದ. ಅಂದು ಅವನ ಮಾತನ್ನು ಕೇಳುವವರಿರಲಿಲ್ಲ. 1941ರಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಸೇರಿ ಹೊರಡಿಸಿದ ಅಟ್ಲಾಂಟಿಕ್ ಸನ್ನದು, ಯಾವ ಬಗೆಯ ಸರ್ಕಾರದಡಿ ಬಾಳಬೇಕೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನತೆಗಳಿಗೂ ಇದೆ ಎಂದಿತು. ಮರುತಿಂಗಳೇ ಚರ್ಚಿಲ್ ತಮ್ಮ ಸಂಸತ್ತಿನಲ್ಲಿ ನಿಂತು, ಅದು ನಾಜಿಗಳ ಹಿಡಿತದಲ್ಲಿರುವ ಯುರೋಪಿನ ದೇಶಗಳ ಕುರಿತ ಮಾತು ಎಂದು ಸ್ಪಷ್ಟಪಡಿಸಿದರು. ‘ಎಲ್ಲ’ ಎಂಬ ಪದಕ್ಕೂ ಹೀಗೆ ಬೇಲಿ ಬಿತ್ತು.

ಬೇಲಿ ಮುರಿದದ್ದು ಏಷ್ಯಾ, ಆಫ್ರಿಕಾಗಳ ದೇಶಗಳು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಸ್ವಯಂನಿರ್ಣಯದ ಹಕ್ಕು ಇಲ್ಲ. ಇಡೀ ಜನತೆಯೇ ಪರರ ಆಳ್ವಿಕೆಯಲ್ಲಿರುವಾಗ ಒಬ್ಬೊಬ್ಬನ ಹಕ್ಕಿಗೆ ಅರ್ಥವೇನು ಎಂದು ಹೊಸದಾಗಿ ಸ್ವತಂತ್ರವಾದ ದೇಶಗಳು ಕೇಳತೊಡಗಿದವು. 1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ವಸಾಹತುಶಾಹಿಯನ್ನು ಕೊನೆಗಾಣಿಸುವ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 89 ಮತ, ವಿರೋಧವಾಗಿ ಒಂದೂ ಇಲ್ಲ, ತಟಸ್ಥರಾದವರು 9 ದೇಶಗಳವರು. ಆ ಒಂಬತ್ತರಲ್ಲಿ ಬ್ರಿಟನ್, ಫ್ರಾನ್ಸ್, ಪೋರ್ಚುಗಲ್, ಬೆಲ್ಜಿಯಂಗಳೂ ಇದ್ದವು. 1966ರ ಎರಡು ದೊಡ್ಡ ಒಡಂಬಡಿಕೆಗಳು, ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು, ಶುರುವಾಗುವುದೇ ಒಂದೇ ವಿಧಿಯಿಂದ: ಎಲ್ಲ ಜನತೆಗಳಿಗೂ ಸ್ವಯಂನಿರ್ಣಯದ ಹಕ್ಕಿದೆ, ತಮ್ಮ ಅಭಿವೃದ್ಧಿಯ ದಾರಿಯನ್ನು ಅವರೇ ಆರಿಸಿಕೊಳ್ಳಬಹುದು, ಯಾವ ಜನತೆಯಿಂದಲೂ ಅದರ ಬದುಕಿನ ಆಧಾರವನ್ನು ಕಿತ್ತುಕೊಳ್ಳುವಂತಿಲ್ಲ.

ಹಾಗಾದರೆ ಜನತೆ ಎಂದರೆ ಯಾರು? ಅದನ್ನು ಎರಡೂ ಒಡಂಬಡಿಕೆಗಳು ಹೇಳಲಿಲ್ಲ. 1950ರ ದಶಕದಲ್ಲಿ ಬೆಲ್ಜಿಯಂ ಒಂದು ವಾದ ಹೂಡಿತ್ತು: ಸಮುದ್ರದಾಚೆಯ ವಸಾಹತುಗಳ ಜನರಿಗೆ ಈ ಹಕ್ಕು ಇರುವುದಾದರೆ, ಸ್ವತಂತ್ರ ದೇಶಗಳ ಒಳಗಿರುವ ಮೂಲನಿವಾಸಿಗಳಿಗೆ ಏಕಿಲ್ಲ? ಕಾಂಗೋವನ್ನು ಹಿಂಡುತ್ತಿದ್ದ ದೇಶದ ಬಾಯಲ್ಲಿ ಈ ಮಾತು ಬಂದದ್ದು ತನ್ನ ವಸಾಹತುವಿನ ಮೇಲಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಕ್ಕೆ. ಹೊಸ ದೇಶಗಳು ಅದನ್ನು ತಳ್ಳಿಹಾಕಿದವು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಸಮುದ್ರವಿದ್ದರೆ ಮಾತ್ರ ವಸಾಹತು ಎಂಬ ತಿಳಿವಳಿಕೆ ನೆಲೆಗೊಂಡಿತು. ವಾದ ಹೂಡಿದವರ ಉದ್ದೇಶ ಕೆಟ್ಟದಾಗಿತ್ತು, ನಿಜ. ಪ್ರಶ್ನೆ ಮಾತ್ರ ಕೆಟ್ಟದಾಗಿರಲಿಲ್ಲ. ಅದು ಉತ್ತರವಿಲ್ಲದೆ ಉಳಿಯಿತು.

ಭಾರತವೂ ಇದಕ್ಕೆ ಹೊರತಲ್ಲ. 1979ರಲ್ಲಿ ಎರಡೂ ಒಡಂಬಡಿಕೆಗಳಿಗೆ ಸೇರುವಾಗ ಭಾರತ ಒಂದು ಹೇಳಿಕೆಯನ್ನು ಲಗತ್ತಿಸಿತು. ಸ್ವಯಂನಿರ್ಣಯದ ಹಕ್ಕು ಅನ್ವಯಿಸುವುದು ವಿದೇಶಿ ಆಳ್ವಿಕೆಯಡಿ ಇರುವ ಜನತೆಗಳಿಗೆ ಮಾತ್ರ, ಸಾರ್ವಭೌಮ ದೇಶಗಳಿಗಾಗಲೀ ದೇಶದೊಳಗಿನ ಒಂದು ಭಾಗದ ಜನರಿಗಾಗಲೀ ಅಲ್ಲ ಎಂಬುದು ಅದರ ಸಾರ. ಫ್ರಾನ್ಸ್, ಪಶ್ಚಿಮ ಜರ್ಮನಿ, ನೆದರ್ಲ್ಯಾಂಡ್ಸ್ ಇದಕ್ಕೆ ಆಕ್ಷೇಪವೆತ್ತಿದವು. ವಸಾಹತುಶಾಹಿಯ ವಿರುದ್ಧ ‘ಎಲ್ಲ ಜನತೆಗಳು’ ಎಂದು ದನಿಯೆತ್ತಿದ ದೇಶ ಆ ಪದಕ್ಕೆ ಬೇಲಿ ಹಾಕುತ್ತಿತ್ತು. ಹಿಂದೆ ವಸಾಹತುಗಳನ್ನಾಳಿದವರು ಅದನ್ನು ಪ್ರಶ್ನಿಸುತ್ತಿದ್ದರು. ದೇಶ ಒಡೆದೀತೆಂಬ ಹೆದರಿಕೆ ವಿಭಜನೆಯನ್ನು ಕಂಡ ದೇಶಕ್ಕೆ ಇದ್ದದ್ದು ಸಹಜವೇ. ಆದರೆ ಆ ಹೆದರಿಕೆಗೆ ಒಂದು ಬೆಲೆಯಿತ್ತು. ಅದನ್ನು ತೆತ್ತವರು ಬಹುಪಾಲು ಕಾಡಿನ, ಬೆಟ್ಟದ, ಹುಲ್ಲುಗಾವಲಿನ ಜನ.

ನೈರೋಬಿಯಲ್ಲಿ ಹುಟ್ಟಿದ ಸನ್ನದು

‘ಅಭಿವೃದ್ಧಿ’ ಹಕ್ಕಾದ ಕಥೆ ಆಫ್ರಿಕಾದಿಂದ ಶುರುವಾಗುತ್ತದೆ. 1972ರಲ್ಲಿ ಸೆನೆಗಲ್ಲಿನ ನ್ಯಾಯಮೂರ್ತಿ ಕೆಬಾ ಎಂಬಾಯೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಅಭಿವೃದ್ಧಿಯನ್ನು ಮಾನವ ಹಕ್ಕೆಂದೇ ಎಣಿಸಬೇಕು ಎಂಬುದು ಅವರ ವಾದ. ಬಡ ದೇಶಗಳಿಗೆ ಸಿಗಬೇಕಾದದ್ದು ದಾನವಲ್ಲ, ಪಾಲು ಎಂಬ ಧ್ವನಿ ಅದರಲ್ಲಿತ್ತು. ಮುಂದೆ ಆಫ್ರಿಕಾದ ಹಕ್ಕುಗಳ ಸನ್ನದನ್ನು ಸಿದ್ಧಪಡಿಸುವ ಕೆಲಸದಲ್ಲೂ ಅವರದೇ ಮುಂದಾಳುತನ. ಆ ಸನ್ನದಿನ ಹೆಸರೇ ವಿಶಿಷ್ಟ: ‘ಮಾನವ ಮತ್ತು ಜನತೆಗಳ ಹಕ್ಕುಗಳ ಆಫ್ರಿಕನ್ ಸನ್ನದು’. ಯುರೋಪಿನ, ಅಮೆರಿಕ ಖಂಡದ ಒಪ್ಪಂದಗಳ ಹೆಸರಿನಲ್ಲಿ ಜನತೆ ಇಲ್ಲ. ಇಲ್ಲಿ 20ನೆಯ ವಿಧಿ ಸ್ವಯಂನಿರ್ಣಯದ್ದು, 21ನೆಯದು ನೈಸರ್ಗಿಕ ಸಂಪತ್ತಿನದ್ದು, 22ನೆಯದು ಅಭಿವೃದ್ಧಿಯದ್ದು. ಕಟ್ಟುನಿಟ್ಟಿನ ಕಾನೂನಾಗಿ ಅಭಿವೃದ್ಧಿಯ ಹಕ್ಕು ದಾಖಲಾದ ಮೊದಲ ಮಾನವ ಹಕ್ಕು ಒಪ್ಪಂದ ಇದೇ. ವಿಶ್ವಸಂಸ್ಥೆಯ ಅಭಿವೃದ್ಧಿ ಹಕ್ಕಿನ ಘೋಷಣೆ ಬಂದದ್ದು 1986ರ ಡಿಸೆಂಬರಿನಲ್ಲಿ, ಪರ 146 ಮತ, ವಿರೋಧ ಅಮೆರಿಕದ್ದೊಂದೇ. ಅದು ಘೋಷಣೆ ಮಾತ್ರ, ಕಟ್ಟಿಹಾಕುವ ಒಪ್ಪಂದವಲ್ಲ.

ಈ ಸನ್ನದು ಅಂಗೀಕಾರವಾದದ್ದು 1981ರ ಜೂನ್‌ನಲ್ಲಿ, ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ. ಆತಿಥೇಯರು ಅಧ್ಯಕ್ಷ ಡೇನಿಯಲ್ ಅರಾಪ್ ಮೋಯಿ. ಮೋಯಿ ಹುಟ್ಟಿದ್ದು ಬರಿಂಗೊ ಸೀಮೆಯಲ್ಲಿ. ಬೊಗೋರಿಯಾ ಇರುವುದೂ ಅಲ್ಲೇ. ಆಫ್ರಿಕಾದ ನಾಯಕರು ನೈರೋಬಿಯಲ್ಲಿ ಜನತೆಗಳ ಹಕ್ಕಿಗೆ ಕೈಯೆತ್ತುತ್ತಿದ್ದಾಗ ಎಂಡೊರೊಯಿಸರು ಸರೋವರದಿಂದ ಹೊರಬಿದ್ದು ಏಳೆಂಟು ವರ್ಷಗಳಾಗಿದ್ದವು.

ಸನ್ನದು ಬರೆದವರ ಮನಸ್ಸಿನಲ್ಲಿದ್ದ ‘ಜನತೆ’ ಎಂಡೊರೊಯಿಸರಂಥವರಾಗಿರಲಿಲ್ಲ ಎಂದೇ ತೋರುತ್ತದೆ. ಅವರ ಕಣ್ಣೆದುರು ಇದ್ದದ್ದು ವರ್ಣಭೇದ ನೀತಿಯಡಿ ನರಳುತ್ತಿದ್ದ ದಕ್ಷಿಣ ಆಫ್ರಿಕಾ, ಇನ್ನೂ ಬಿಡುಗಡೆಯಾಗದ ನಮೀಬಿಯಾ, ಸಾಲದಲ್ಲಿ ಮುಳುಗಿದ್ದ ಹೊಸ ದೇಶಗಳು. ಜನತೆಯ ಪರವಾಗಿ ಸರ್ಕಾರ ಮಾತಾಡುತ್ತದೆ, ಶ್ರೀಮಂತ ಜಗತ್ತು ಕೇಳಿಸಿಕೊಳ್ಳಬೇಕು: ಆ ಕಾಲದ ಚಿತ್ರ ಇದು. ಸರ್ಕಾರದ ವಿರುದ್ಧವೇ ಜನತೆ ಈ ವಿಧಿಗಳನ್ನು ಹಿಡಿದು ಬಂದರೆ ಏನು ಎಂಬುದಕ್ಕೆ ಉತ್ತರ ಬರೆದಿಟ್ಟಿರಲಿಲ್ಲ. ಹಾಗೆಂದು ಬಾಗಿಲನ್ನೂ ಮುಚ್ಚಿರಲಿಲ್ಲ. ಜನತೆ ಎಂದರೆ ಯಾರೆಂದು ಸನ್ನದು ಕೂಡ ವ್ಯಾಖ್ಯಾನಿಸಲಿಲ್ಲ. ಒಡಂಬಡಿಕೆಗಳಲ್ಲಿ ಕೊರತೆಯಾಗಿ ಕಂಡದ್ದು ಇಲ್ಲಿ ಎಂಡೊರೊಯಿಸರಿಗೆ ಸಂದಾಗಿ ಒದಗಿತು.

ನಕುರುವಿನಿಂದ ಬಂಜುಲ್‌ಗೆ

ಎಂಡೊರೊಯಿಸರು ನೇರವಾಗಿ ಅಂತರರಾಷ್ಟ್ರೀಯ ವೇದಿಕೆಗೆ ಹಾರಲಿಲ್ಲ. ಮೊದಲು ಅಧ್ಯಕ್ಷರನ್ನೇ ಕಂಡರು. 1994ರ ಡಿಸೆಂಬರಿನಲ್ಲಿ ಮೋಯಿ ಅವರನ್ನು ಭೇಟಿಯಾಗಿ, 1973ರ ಮಾತನ್ನು ನೆನಪಿಸಿದರು. ಅಧ್ಯಕ್ಷರು ಸ್ಥಳೀಯ ಆಡಳಿತಕ್ಕೆ ಸೂಚನೆ ಕೊಟ್ಟರು. ಆಡಳಿತ ಅದನ್ನು ನಡೆಸಲಿಲ್ಲ. ಆಮೇಲೆ ನಕುರುವಿನ ಹೈಕೋರ್ಟಿಗೆ ಹೋದರು. ಆ ನೆಲ ಕಾನೂನಿನ ಭಾಷೆಯಲ್ಲಿ ಟ್ರಸ್ಟ್ ಜಮೀನು, ಅಂದರೆ ಅಲ್ಲಿ ವಾಸಿಸುವವರ ಪರವಾಗಿ ಜಿಲ್ಲಾ ಆಡಳಿತ ಕಾದಿಡಬೇಕಾದ ಆಸ್ತಿ. ನಮಗಾಗಿ ಕಾಯಬೇಕಾದವರೇ ನಮ್ಮನ್ನು ಹೊರಹಾಕಿದರಲ್ಲ ಎಂಬುದು ಅವರ ದೂರು. 2002ರ ಏಪ್ರಿಲಿನಲ್ಲಿ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಒಂದು ನೈಸರ್ಗಿಕ ಸಂಪತ್ತಿನ ಹತ್ತಿರ ಹುಟ್ಟಿದ ಮಾತ್ರಕ್ಕೆ ಯಾರಿಗೂ ಅದರ ಲಾಭ ಸಿಗಬೇಕೆಂದು ಕಾನೂನಿಲ್ಲ ಎಂಬುದು ಅದರ ಅಭಿಪ್ರಾಯ. ಅದೇ ವರ್ಷ ಆ ಸುತ್ತಿನ ನೆಲದಲ್ಲಿ ಮಾಣಿಕ್ಯದ ಗಣಿಗಾರಿಕೆಗೆ ಪರವಾನಗಿ ಸಿಕ್ಕಿತು.

ಎಂಡೊರೊಯಿಸರು ಆ ನೆಲದ ‘ಹತ್ತಿರ ಹುಟ್ಟಿದವರು’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಬಿಡಿ ವ್ಯಕ್ತಿಗಳನ್ನು ಮಾತ್ರ ಕಾಣಬಲ್ಲ ಕಾನೂನಿಗೆ ಅವರು ಹಾಗಷ್ಟೇ ಕಾಣುತ್ತಾರೆ: ಎಲ್ಲೋ ಒಂದು ಕಡೆ ಹುಟ್ಟಿದ ಇಷ್ಟು ಸಾವಿರ ಮಂದಿ. ಹಬ್ಬ, ಹಿರಿಯರ ಆತ್ಮ, ಮಳೆಗಾಲ ಬೇಸಿಗೆಗಳ ಸುತ್ತು ಇವೆಲ್ಲ ಯಾವ ಒಬ್ಬನ ಆಸ್ತಿಪತ್ರದಲ್ಲೂ ಬರುವಂಥವಲ್ಲ. ಸಾಮೂಹಿಕ ಹಕ್ಕು ಬೇಕಾಗುವುದು ಇಂಥಲ್ಲಿ.

2003ರಲ್ಲಿ ಅವರ ಪರವಾಗಿ ಎರಡು ಸಂಸ್ಥೆಗಳು, ಕೀನ್ಯಾದ್ದೊಂದು, ಲಂಡನ್ನಿನದ್ದೊಂದು, ಗಾಂಬಿಯಾದ ಬಂಜುಲ್‌ನಲ್ಲಿರುವ ಆಫ್ರಿಕನ್ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟವು. ಅವರು 20ನೆಯ ವಿಧಿಯನ್ನು, ಅಂದರೆ ಸ್ವಯಂನಿರ್ಣಯವನ್ನು, ಎತ್ತಲಿಲ್ಲ. 1990ರ ದಶಕದಲ್ಲಿ ಕಟಾಂಗಾದ ಜನರ ಪರವಾಗಿ ಬಂದ ದೂರಿನಲ್ಲಿ ಇದೇ ಆಯೋಗ, ದೇಶದ ಅಖಂಡತೆಗೆ ಧಕ್ಕೆ ಬರದಂತೆ ಒಳಗೇ ಸ್ವಯಂನಿರ್ಣಯದ ಬೇರೆ ದಾರಿಗಳನ್ನು ಹುಡುಕಿಕೊಳ್ಳಿ ಎಂದು ಹೇಳಿತ್ತು. ಎಂಡೊರೊಯಿಸರಿಗೆ ಬೇರೆ ದೇಶ ಬೇಕಿರಲಿಲ್ಲ. ಅವರು ಹಿಡಿದದ್ದು ಧರ್ಮ, ಆಸ್ತಿ, ಸಂಸ್ಕೃತಿ, ಸಂಪತ್ತು, ಅಭಿವೃದ್ಧಿಗಳ ವಿಧಿಗಳನ್ನು.

ಸರ್ಕಾರದ ಮೊದಲ ವಾದ ಊಹಿಸಬಹುದಾದದ್ದೇ: ನೀವು ಬೇರೆ ಜನತೆಯೇ ಅಲ್ಲ. ಕಲೆಂಜಿನ್ ಎಂಬ ದೊಡ್ಡ ಗುಂಪಿನ ಟುಗೆನ್ ಎಂಬ ಶಾಖೆಯವರು ನೀವು, ಭಾಷೆಯೂ ಅದೇ. ಆಯೋಗ ಇದಕ್ಕೆ ಕೊಟ್ಟ ಉತ್ತರ ಇಡೀ ತೀರ್ಪಿನ ತಳಪಾಯ. ಒಂದು ಜನತೆಯನ್ನು ಗುರುತಿಸುವುದು ಒಂದೇ ಲಕ್ಷಣದಿಂದಲ್ಲ. ಹಂಚಿಕೊಂಡ ಚರಿತ್ರೆ, ಸಂಸ್ಕೃತಿ, ನೆಲದ ನಂಟು, ಬದುಕಿನ ಬಗೆ ಇವೆಲ್ಲ ಸೇರಿ. ಅದಕ್ಕಿಂತ ಮುಖ್ಯವಾಗಿ, ಅವರು ತಮ್ಮನ್ನು ತಾವು ಏನೆಂದು ಕಾಣುತ್ತಾರೆ ಎಂಬುದು. ಸುಮಾರು 60,000 ಮಂದಿಯ ಈ ಸಮುದಾಯದ ನಂಬಿಕೆ, ಬದುಕು, ಗುರುತು ಎಲ್ಲವೂ ಒಂದು ಸರೋವರದ ಸುತ್ತ ಹೆಣೆದುಕೊಂಡಿವೆ. ಹಾಗಾಗಿ ಅವರು ಜನತೆ. ಪದದ ಅರ್ಥಕ್ಕಾಗಿ ಸಮುದ್ರವನ್ನು ಹುಡುಕುವ ಅಗತ್ಯ ಇಲ್ಲಿ ಇರಲಿಲ್ಲ.

ಆರಿಸಿಕೊಳ್ಳುವ ಹಕ್ಕು

ಅಭಿವೃದ್ಧಿಯ ವಿಷಯಕ್ಕೆ ಬಂದಾಗ ಸರ್ಕಾರದ ದನಿ ಬದಲಾಯಿತು. ಮೀಸಲು ಪ್ರದೇಶ ಮಾಡಿದ್ದು ಇಡೀ ದೇಶದ ಒಳಿತಿಗೆ. ಸಮುದಾಯಗಳು ತಮ್ಮದಷ್ಟನ್ನೇ ನೋಡಿಕೊಳ್ಳದೆ ಸಮಾಜದ ಹಿತಕ್ಕೂ ಕೊಡುಗೆ ಕೊಡಬೇಕು. ಶಾಲೆ ಇದೆ, ಕೃಷಿ ಯೋಜನೆಗಳಿವೆ. ಜನರನ್ನು ಕೇಳಿಲ್ಲ ಎಂಬುದೂ ಸರಿಯಲ್ಲ, ಚುನಾಯಿತ ಜಿಲ್ಲಾ ಮಂಡಳಿ ಇತ್ತಲ್ಲ? ಈ ಮಾತುಗಳನ್ನು ನಾವು ಕೇಳಿಯೇ ಇಲ್ಲ ಎನ್ನುವಂತಿಲ್ಲ. ಅಣೆಕಟ್ಟು, ಗಣಿ, ಅಭಯಾರಣ್ಯಗಳ ಚರ್ಚೆಯಲ್ಲಿ ಅವು ಎಲ್ಲ ಭಾಷೆಗಳಲ್ಲೂ ಇವೆ.

ಆಯೋಗ ಇಲ್ಲಿ ನೆರವು ಪಡೆದವರಲ್ಲೊಬ್ಬರು ಭಾರತದ ಅರ್ಥಶಾಸ್ತ್ರಜ್ಞ ಅರ್ಜುನ್ ಸೇನ್‌ಗುಪ್ತ. ಅಭಿವೃದ್ಧಿ ಹಕ್ಕಿನ ಕುರಿತು ವಿಶ್ವಸಂಸ್ಥೆಯ ಸ್ವತಂತ್ರ ತಜ್ಞರಾಗಿದ್ದವರು ಅವರು. ಅವರ ವಾದವನ್ನು ಸರಳವಾಗಿ ಹೇಳುವುದಾದರೆ: ಸರ್ಕಾರ ಮನೆ ಕಟ್ಟಿಸಿಕೊಟ್ಟಿದೆ ಎಂಬ ಕಾರಣಕ್ಕೆ ಯಾರು ಎಲ್ಲಿರಬೇಕೆಂದು ಅದೇ ತೀರ್ಮಾನಿಸುವಂತಿಲ್ಲ. ಎಲ್ಲಿ ಬಾಳಬೇಕೆಂದು ಆರಿಸಿಕೊಳ್ಳುವ ಶಕ್ತಿ ಜನರಿಗೆ ಬರುವುದೇ ಅಭಿವೃದ್ಧಿ. ಇದನ್ನು ಬೊಗೋರಿಯಾಕ್ಕೆ ತಂದು ನೋಡಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಎಂಡೊರೊಯಿಸರಿಗೆ ಏನೇನು ಕೊಟ್ಟೆವು ಎಂಬ ಪಟ್ಟಿಯಿಂದ ಪ್ರಶ್ನೆ ಮುಗಿಯುವುದಿಲ್ಲ. ಅವರ ಆಯ್ಕೆಗಳು ಹೆಚ್ಚಿದವೋ ಕಡಿಮೆಯಾದವೋ ಎಂದು ಕೇಳಬೇಕಾಗುತ್ತದೆ. ಉಪ್ಪುಮಣ್ಣಿಲ್ಲದ, ನೀರಿಲ್ಲದ ಒಣನೆಲಕ್ಕೆ ಹೋದ ಮೇಲೆ ಅವರ ದನಗಳು ಸತ್ತವು. ಆಯ್ಕೆ ಉಳಿಯಲಿಲ್ಲ.

ಅಭಿವೃದ್ಧಿಯ ಹಕ್ಕಿಗೆ ಎರಡು ಕಾಲುಗಳಿವೆ, ದಾರಿ ಮತ್ತು ಫಲ. ಒಂದು ಮುರಿದರೂ ಹಕ್ಕು ಮುರಿದಂತೆಯೇ ಎಂದು ಆಯೋಗ ಹೇಳಿತು. ಸಮಾನತೆ, ತಾರತಮ್ಯವಿಲ್ಲದಿರುವುದು, ಜನರ ಪಾಲ್ಗೊಳ್ಳುವಿಕೆ, ಉತ್ತರದಾಯಿತ್ವ, ಪಾರದರ್ಶಕತೆ ಈ ಐದೂ ಇರಬೇಕು. ಎಲ್ಲ ತೀರ್ಮಾನವಾದ ಮೇಲೆ ಬಂದು ತಿಳಿಸುವುದು ಸಮಾಲೋಚನೆಯಲ್ಲ. ಓದು ಬಾರದವರೊಂದಿಗೆ, ಅವರ ಪ್ರತಿನಿಧಿ ಸಂಘವನ್ನೇ ನೋಂದಾಯಿಸಲು ಒಪ್ಪದೆ, ನಡೆಸಿದ ಮಾತುಕತೆ ಸಮಬಲರ ಮಾತುಕತೆಯಲ್ಲ. ದೊಡ್ಡ ಪರಿಣಾಮದ ಯೋಜನೆಗಳಿಗೆ ಸಮುದಾಯದ ಒಪ್ಪಿಗೆಯೇ ಬೇಕು, ಅದೂ ಮುಂಚಿತವಾಗಿ, ಬಲವಂತವಿಲ್ಲದೆ, ಎಲ್ಲ ತಿಳಿಸಿ. ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯ 2007ರಲ್ಲಿ ಸುರಿನಾಮಿನ ಸರಮಕ ಜನರ ಪ್ರಕರಣದಲ್ಲಿ ಹೇಳಿದ್ದನ್ನು ಆಯೋಗ ಇಲ್ಲಿ ಬಳಸಿಕೊಂಡಿತು.

ಕೇಳದೆ ತಂದ ಒಳಿತು ಏನಾಗಬಹುದು ಎಂಬುದಕ್ಕೆ ಅದೇ ಬರಿಂಗೊ ಸೀಮೆಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಾಕ್ಷಿಯಿದೆ. 1980ರ ದಶಕದ ಆರಂಭದಲ್ಲಿ ಮರುಭೂಮಿ ಹರಡುವುದನ್ನು ತಡೆಯಲು, ಸೌದೆ ಒದಗಿಸಲು ಅಲ್ಲಿ ಒಂದು ಮರವನ್ನು ತಂದು ನೆಟ್ಟರು. ಬಯಲುಸೀಮೆಯ ಕೆರೆಯಂಗಳಗಳಲ್ಲೆಲ್ಲ ಹಬ್ಬಿರುವ ನಮ್ಮ ಬಳ್ಳಾರಿ ಜಾಲಿಯೇ ಅದು. ಎಂಡೊರೊಯಿಸರ ನೆರೆಯ ಇಲ್ಚಮುಸ್ ಜನರ ಹುಲ್ಲುಗಾವಲನ್ನು ಅದು ನುಂಗಿತು. ಅದರ ಸಿಹಿ ಕಾಯಿ ತಿಂದು ತಿಂದು ಮೇಕೆಗಳ ಹಲ್ಲು ಉದುರಿದವು. ಇಲ್ಚಮುಸರು ಹಾಗೆ ಹಲ್ಲುದುರಿದ ಮೇಕೆಯೊಂದನ್ನು ಸಾಕ್ಷಿಯಾಗಿ ನ್ಯಾಯಾಲಯಕ್ಕೇ ಕರೆದೊಯ್ದರು. ಜಾಲಿ ನೆಟ್ಟವರ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ಆ ನೆಲದಲ್ಲಿ ಮೇಕೆ ಸಾಕುವವರನ್ನು ಮೊದಲೇ ಕೇಳಿದ್ದರೆ?

ತೀರ್ಪಿನ ನಂತರ

2009ರ ನವೆಂಬರಿನಲ್ಲಿ ಆಯೋಗ ತೀರ್ಮಾನ ಕೈಗೊಂಡಿತು. 2010ರ ಫೆಬ್ರವರಿ 2ರಂದು ಆಫ್ರಿಕನ್ ಒಕ್ಕೂಟ ಅದನ್ನು ಅನುಮೋದಿಸಿತು. ನೆಲದ ಒಡೆತನವನ್ನು ಒಪ್ಪಿ ಮರಳಿಸಬೇಕು, ಪೂಜೆಗೂ ಮೇವಿಗೂ ಸರೋವರಕ್ಕೆ ತಡೆಯಿಲ್ಲದೆ ಬಿಡಬೇಕು, ನಷ್ಟಕ್ಕೆ ಪರಿಹಾರ ಕೊಡಬೇಕು, ಆದಾಯದಲ್ಲಿ ಪಾಲು ಕೊಡಬೇಕು, ಸಂಘವನ್ನು ನೋಂದಾಯಿಸಬೇಕು ಎಂಬುವು ಶಿಫಾರಸುಗಳು. ಅಭಿವೃದ್ಧಿಯ ಹಕ್ಕೆಂದರೆ ಏನೆಂದು ಬಿಡಿಸಿ ನೋಡಿ, ಅದನ್ನು ಒಂದು ಸಮುದಾಯಕ್ಕೆ ಅದರದೇ ಸರ್ಕಾರದ ಎದುರು ಕೊಟ್ಟ ಮೊದಲ ತೀರ್ಮಾನ ಇದು ಎಂಬ ಕಾರಣಕ್ಕೆ ಜಗತ್ತಿನ ಕಾನೂನು ತರಗತಿಗಳಲ್ಲಿ ಇದರ ಪಾಠ ನಡೆಯುತ್ತದೆ.

ಸರೋವರದ ದಡದಲ್ಲಿ ನಡೆದದ್ದೇ ಬೇರೆ. 2011ರಲ್ಲಿ ಯುನೆಸ್ಕೊ ಬೊಗೋರಿಯಾವನ್ನೂ ಒಳಗೊಂಡ ಮೂರು ಸರೋವರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಎಂಡೊರೊಯಿಸರ ಒಪ್ಪಿಗೆ ಕೇಳದೆ. ಆಯೋಗ ಪ್ರತಿಭಟಿಸಿ ನಿರ್ಣಯ ಮಾಡಿತು. 2014ರ ಸೆಪ್ಟೆಂಬರಿನಲ್ಲಿ ಕೀನ್ಯಾ ಒಂದು ಕಾರ್ಯಪಡೆಯನ್ನು ರಚಿಸಿತು. ಅದರ ಅವಧಿ ಮುಗಿಯಿತು, ಕೆಲಸ ಮುಗಿಯಲಿಲ್ಲ. ಸಂಘಕ್ಕೆ ಮನ್ನಣೆ ಸಿಕ್ಕಿದೆ, ಸರೋವರಕ್ಕೆ ಹೋಗಿಬರುವುದು ಸ್ವಲ್ಪ ಸಲೀಸಾಗಿದೆ. ಹದಿನೈದು ವರ್ಷ ಕಳೆದರೂ ಒಡೆತನದ ಪತ್ರ ಮಾತ್ರ ಬಂದಿಲ್ಲ. ಈ ನಡುವೆ ರಿಫ್ಟ್ ಕಣಿವೆಯ ಸರೋವರಗಳೇ ಉಕ್ಕಿ, ದಡದ ಮನೆ, ಹುಲ್ಲುಗಾವಲು, ರಸ್ತೆಗಳನ್ನು ಮುಳುಗಿಸುತ್ತಿವೆ.

ಪಕ್ಕದ ಮೌ ಕಾಡಿನ ಒಗಿಯೆಕ್ ಜನರದ್ದೂ ಇದೇ ಹಾದಿ. ಅವರ ಪ್ರಕರಣ ಆಯೋಗದಿಂದ ಆಫ್ರಿಕನ್ ನ್ಯಾಯಾಲಯಕ್ಕೇ ಹೋಯಿತು. 2017ರ ಮೇ 26ರಂದು ಅಭಿವೃದ್ಧಿಯ ಹಕ್ಕೂ ಸೇರಿ ಹಲವು ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ತೀರ್ಪು ಬಂತು. 2022ರ ಜೂನ್‌ನಲ್ಲಿ 15 ಕೋಟಿ 78 ಲಕ್ಷದ 50 ಸಾವಿರ ಶಿಲಿಂಗ್ ಪರಿಹಾರ ಕೊಡಿ, ನೆಲಕ್ಕೆ ಸಾಮೂಹಿಕ ಒಡೆತನದ ಪತ್ರ ಕೊಡಿ ಎಂದು ನ್ಯಾಯಾಲಯ ಆದೇಶಿಸಿತು. 2023ರ ನವೆಂಬರಿನಲ್ಲಿ ಮೌ ಕಾಡಿನಲ್ಲಿ ಮತ್ತೆ ಒಗಿಯೆಕರ ಮನೆಗಳು ಉರುಳಿದವು.

ಹಾಗಾದರೆ ಈ ಹಕ್ಕುಗಳಿಂದ ಆದದ್ದೇನು? ತೀರ್ಪಿನ ಪ್ರತಿಯನ್ನು ದನ ಮೇಯುವುದಿಲ್ಲ ಎಂದು ಯಾರಾದರೂ ಕಟುವಾಗಿ ಹೇಳಿದರೆ ಇಲ್ಲವೆನ್ನಲಾಗದು. ಆದರೂ ಒಂದು ಬದಲಾವಣೆ ಆಗಿದೆ. 1973ರಲ್ಲಿ ಎಂಡೊರೊಯಿಸರು ಕಾನೂನಿನ ಕಣ್ಣಿಗೆ ಮೀಸಲು ಪ್ರದೇಶದಲ್ಲಿ ಅಡ್ಡವಾಗಿದ್ದ ಕೆಲವು ಕುಟುಂಬಗಳು. ಇಂದು ಅವರು ಒಂದು ಜನತೆ, ಸರ್ಕಾರವೇ ಬಾಕಿದಾರ. ಕೀನ್ಯಾದ 2010ರ ಸಂವಿಧಾನ ಸಮುದಾಯದ ಭೂಮಿಯನ್ನು ಒಂದು ಬಗೆಯ ಒಡೆತನವೆಂದೇ ಗುರುತಿಸಿತು. 2016ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ಬಾಕಿ ತೀರಿಲ್ಲ, ಆದರೆ ಬಾಕಿ ಇದೆ ಎಂಬುದು ಬರಹದಲ್ಲಿದೆ.

ಕನ್ನಡದಲ್ಲಿ ಇದನ್ನು ಓದುವಾಗ ಬಿಳಿಗಿರಿರಂಗನ ಬೆಟ್ಟ ನೆನಪಾಗದೆ ಇರದು. ಬೊಗೋರಿಯಾಕ್ಕೆ ಬೇಲಿ ಬಿದ್ದ ಮರುವರ್ಷ, 1974ರಲ್ಲಿ, ಆ ಬೆಟ್ಟ ವನ್ಯಧಾಮವಾಯಿತು. ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ಪೋಡುಗಳಲ್ಲಿ ಒಂದೆಡೆ ನೆಲೆಗೊಳಿಸಿದರು. ಅವರ ದೈವಗಳು, ಹಿರಿಯರ ಗೋರಿಗಳು, ಪವಿತ್ರ ತಾಣಗಳು ಕಾಡಿನಲ್ಲೇ ಉಳಿದವು. ನಮ್ಮ ದೇಶ ಅವರನ್ನು ‘ಜನತೆ’ ಎಂದು ಅಂತರರಾಷ್ಟ್ರೀಯ ಕಾನೂನಿನ ಅರ್ಥದಲ್ಲಿ ಕರೆಯುವುದಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯಿದೆ ಸದ್ದಿಲ್ಲದೆ ಅದೇ ಕೆಲಸಕ್ಕೆ ಕೈಹಾಕಿದೆ. ವೈಯಕ್ತಿಕ ಹಕ್ಕಿನ ಜೊತೆಗೆ ಸಾಮುದಾಯಿಕ ಹಕ್ಕನ್ನೂ ಅದು ಒಪ್ಪುತ್ತದೆ. ಮಾತಾಡುವ ಬಾಯಿಯಾಗಿ ಗ್ರಾಮಸಭೆಯನ್ನು ಗುರುತಿಸುತ್ತದೆ. ಬೆಟ್ಟ ಹುಲಿ ಮೀಸಲು ಪ್ರದೇಶವಾದ ವರ್ಷವೇ, 2011ರಲ್ಲಿ, ಸೋಲಿಗರ 25 ಗ್ರಾಮಸಭೆಗಳು ಆ ಹಕ್ಕಿನ ಪತ್ರ ಪಡೆದವು. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಗಣಿ ಬೇಕೋ ಬೇಡವೋ ಎಂದು ಸುಪ್ರೀಂ ಕೋರ್ಟಿನ ಸೂಚನೆಯಂತೆ 12 ಗ್ರಾಮಸಭೆಗಳನ್ನು ಕೇಳಿದರು. ಹನ್ನೆರಡೂ ಬೇಡವೆಂದವು. ಇವು ಯಾವುದರಿಂದಲೂ ದೇಶ ಒಡೆಯಲಿಲ್ಲ.

1979ರ ಭಾರತದ ಹೇಳಿಕೆಗೂ, ಕೀನ್ಯಾ ಬಂಜುಲ್‌ನಲ್ಲಿ ಮಂಡಿಸಿದ ವಾದಕ್ಕೂ ಹಿಂದೆ ಇದ್ದ ಅಂಜಿಕೆ ಒಂದೇ: ಒಂದು ಗುಂಪನ್ನು ಜನತೆ ಎಂದು ಒಪ್ಪಿದರೆ ನಾಳೆ ಅದು ಬೇರೆ ಬಾವುಟ ಕೇಳುತ್ತದೆ. ಎಂಡೊರೊಯಿಸರು ಕೇಳಿದ್ದು ಬಾವುಟವನ್ನಲ್ಲ, ಸರೋವರದ ದಡದಲ್ಲಿ ಹಬ್ಬ ಮಾಡಲು, ದನಗಳಿಗೆ ಉಪ್ಪುಮಣ್ಣು ನೆಕ್ಕಿಸಲು, ತಮ್ಮ ನೆಲಕ್ಕೆ ಏನು ಬರಲಿದೆಯೆಂದು ಮೊದಲೇ ತಿಳಿದು ಹೂಂ ಅಥವಾ ಊಹೂಂ ಎನ್ನಲು. ಆ ಊಹೂಂ ಎನ್ನುವ ಅವಕಾಶವನ್ನು ಅವರು ಇನ್ನೂ ಕಾಯುತ್ತಿದ್ದಾರೆ.